ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (೧೩ ಮೇ ೧೮೫೭ – ೧೬ ಸೆಪ್ಟೆಂಬರ್ ೧೯೩೨) ಬ್ರಿಟಿಷ್ ವೈದ್ಯ ಮತ್ತು ಸಂಶೋಧಕ. ಮಲೇರಿಯಾ ರೋಗವನ್ನು ಉಂಟುಮಾಡುವ ಪರೋಪಜೀವಿಯು ಸೊಳ್ಳೆಯ ದೇಹದೊಳಗೆ ಬೆಳೆಯುತ್ತದೆ ಎಂಬುದನ್ನು ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದರು. ಮರುವರ್ಷ ಕಲ್ಕತ್ತದಲ್ಲಿ ಪಕ್ಷಿಗಳ ಮಲೇರಿಯಾವನ್ನು ಅಧ್ಯಯನ ಮಾಡಿ, ರೋಗವು ಸೊಳ್ಳೆಯ ಕಡಿತದಿಂದ ಹರಡುವ ಬಗೆಯನ್ನು ಸಿದ್ಧಪಡಿಸಿದರು. ಈ ಸಾಧನೆಗಾಗಿ ೧೯೦೨ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಭಾರತದ ನೆಲದಲ್ಲಿ ಹುಟ್ಟಿ ನೊಬೆಲ್ ಪಡೆದವರಲ್ಲಿ ಅವರೇ ಮೊದಲಿಗರು. ಬ್ರಿಟನ್ನಿನ ಮೊದಲ ನೊಬೆಲ್ ಪುರಸ್ಕೃತರೂ ಅವರೇ.

ರಾಸ್ ಅವರ ವೃತ್ತಿಜೀವನದ ಮಹತ್ವದ ಕೆಲವು ವರ್ಷಗಳು ಬೆಂಗಳೂರಿನ ದಂಡುಪ್ರದೇಶದಲ್ಲಿ ಕಳೆದವು. ಸೊಳ್ಳೆಗೂ ನಿಂತ ನೀರಿಗೂ ಇರುವ ಸಂಬಂಧವನ್ನು ಅವರು ಮೊದಲು ಗಮನಿಸಿದ್ದು ಅಲ್ಲಿಯೇ. ರೋಗದ ಮೂಲವನ್ನು ಅರಿತ ಮೇಲೆ ಅವರು ಪ್ರಯೋಗಶಾಲೆಯಲ್ಲೇ ಉಳಿಯಲಿಲ್ಲ. ಊರೂರಿನ ಮಕ್ಕಳ ಹೊಟ್ಟೆ ಮುಟ್ಟಿ ರೋಗದ ಭಾರವನ್ನು ಅಳೆಯುವುದು, ನೀರಿನ ತೊಟ್ಟಿಗಳನ್ನು ಖಾಲಿ ಮಾಡಿಸುವುದು, ಸರ್ಕಾರಗಳೊಡನೆ ಜಗಳವಾಡುವುದು ಅವರ ಜೀವನದ ಉತ್ತರಾರ್ಧವನ್ನು ತುಂಬಿದವು.

ಜನನ ಮತ್ತು ಬಾಲ್ಯ

ರಾಸ್ ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ಮೀರತ್ತಿನಲ್ಲಿ ಸಿಪಾಯಿಗಳ ದಂಗೆ ಆರಂಭವಾಗಿ ಆಗ ಮೂರು ದಿನಗಳಷ್ಟೇ ಆಗಿದ್ದವು. ತಂದೆ ಕ್ಯಾಂಪ್‌ಬೆಲ್ ಕ್ಲೇ ಗ್ರಾಂಟ್ ರಾಸ್ ಬಂಗಾಳ ಸೈನ್ಯದ ಅಧಿಕಾರಿಯಾಗಿದ್ದು ಮುಂದೆ ಜನರಲ್ ಪದವಿಗೇರಿದರು. ತಾಯಿ ಮಟಿಲ್ಡಾ ಷಾರ್ಲಟ್. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಲಾಯಿತು.

ಬಾಲಕನ ಒಲವು ಚಿತ್ರಕಲೆ, ಸಂಗೀತ ಮತ್ತು ಕಾವ್ಯದ ಕಡೆಗಿತ್ತು. ಗಣಿತದಲ್ಲಿಯೂ ಆಸಕ್ತಿಯಿತ್ತು. ವೈದ್ಯನಾಗುವ ಬಯಕೆ ಮಾತ್ರ ಇರಲಿಲ್ಲ. ಮಗನು ಭಾರತೀಯ ವೈದ್ಯಕೀಯ ಸೇವೆಗೆ ಸೇರಬೇಕೆಂಬುದು ತಂದೆಯ ನಿಶ್ಚಯವಾಗಿತ್ತು. ಅದರಂತೆ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ವೈದ್ಯಶಾಲೆಯನ್ನು ಸೇರಿದರಾದರೂ, ಪಾಠಗಳಿಗಿಂತ ಹೆಚ್ಚು ಹೊತ್ತನ್ನು ಪದ್ಯ ಮತ್ತು ನಾಟಕಗಳ ರಚನೆಯಲ್ಲಿ ಕಳೆದರು. ೧೮೭೯ರಲ್ಲಿ ಶಸ್ತ್ರವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮತ್ತೊಂದು ಅಗತ್ಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಕಾರಣ ಕೆಲಕಾಲ ಅಟ್ಲಾಂಟಿಕ್ ಸಾಗರದ ಹಡಗಿನಲ್ಲಿ ವೈದ್ಯರಾಗಿ ದುಡಿದರು. ೧೮೮೧ರಲ್ಲಿ ಆ ಪರೀಕ್ಷೆಯನ್ನೂ ಮುಗಿಸಿ, ಭಾರತೀಯ ವೈದ್ಯಕೀಯ ಸೇವೆಗೆ ಆಯ್ಕೆಯಾಗಿ ಅದೇ ವರ್ಷ ಭಾರತಕ್ಕೆ ಹಡಗೇರಿದರು.

ಮದರಾಸು ಪ್ರಾಂತ್ಯದ ಸೇವೆ ಮತ್ತು ಬೆಂಗಳೂರು

ರಾಸ್ ಅವರನ್ನು ಮದರಾಸು ಪ್ರಾಂತ್ಯದ ಸೈನ್ಯಕ್ಕೆ ನಿಯೋಜಿಸಲಾಯಿತು. ಇಂದು ಕರ್ನಾಟಕದಲ್ಲಿರುವ ಬಳ್ಳಾರಿ ಸೀಮೆ ಆಗ ಇದೇ ಪ್ರಾಂತ್ಯಕ್ಕೆ ಸೇರಿತ್ತು. ತುಂಗಭದ್ರೆಯ ದಂಡೆಯ ಮೈಲಾರ, ಹೂವಿನಹಡಗಲಿ ಮೊದಲಾದ ಊರುಗಳೂ ಮದರಾಸಿನ ಆಡಳಿತದಲ್ಲಿಯೇ ಇದ್ದವು. ಚಳಿಜ್ವರವೆಂದು ಕನ್ನಡಿಗರು ಕರೆಯುತ್ತಿದ್ದ ಮಲೇರಿಯಾ ದಕ್ಷಿಣ ಭಾರತದ ಹಳ್ಳಿಗಳಿಗೂ ದಂಡುಗಳಿಗೂ ಸಮಾನವಾಗಿ ಪರಿಚಿತವಾಗಿತ್ತು. ಮಲೆನಾಡಿನ ಕಡೆ ಜ್ವರದಿಂದ ಊದಿಕೊಂಡ ಗುಲ್ಮವನ್ನು (ಪ್ಲೀಹ) ಜನರು ಜ್ವರಗಡ್ಡೆ ಎಂದು ಕರೆಯುತ್ತಿದ್ದರು. ರೋಗದ ಕಾರಣವನ್ನು ಮಾತ್ರ ಯಾರೂ ಅರಿತಿರಲಿಲ್ಲ. ಜೌಗುನೆಲದಿಂದ ಏಳುವ ಕೆಟ್ಟ ಗಾಳಿಯೇ ಕಾರಣವೆಂಬುದು ಯೂರೋಪಿನ ವೈದ್ಯರ ನಂಬಿಕೆ. ಇಟಾಲಿಯನ್ ಭಾಷೆಯ ಮಲೇರಿಯಾ ಎಂಬ ಪದದ ಅರ್ಥವೂ ಅದೇ.

೧೮೮೩ರಲ್ಲಿ ರಾಸ್ ಬೆಂಗಳೂರಿನ ದಂಡಿಗೆ ಹಂಗಾಮಿ ವೈದ್ಯಾಧಿಕಾರಿಯಾಗಿ ಬಂದರು. ಊರಿನ ಹವೆ ಅವರಿಗೆ ಹಿಡಿಸಿತಾದರೂ ವಾಸಕ್ಕೆ ದೊರೆತ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಪಕ್ಕದ ಮನೆಗಳಿಗಿಂತ ತಮ್ಮ ಕೋಣೆಯಲ್ಲೇ ಅವು ಹೆಚ್ಚಾಗಿರುವುದನ್ನು ಗಮನಿಸಿ ಹುಡುಕಿದಾಗ, ಕಿಟಕಿಯ ಹೊರಗೆ ಇರಿಸಿದ್ದ ನೀರಿನ ತೊಟ್ಟಿಯೊಂದರಲ್ಲಿ ಮರಿಹುಳುಗಳು ತುಂಬಿಕೊಂಡಿದ್ದವು. ತೊಟ್ಟಿಯನ್ನು ಮಗುಚಿಸಿದ ಮೇಲೆ ಸೊಳ್ಳೆಗಳು ಬಹುಮಟ್ಟಿಗೆ ಕಾಣೆಯಾದವು. ಅಧಿಕಾರಿಗಳ ಭೋಜನಶಾಲೆಯ ಸುತ್ತಲೂ ಹೀಗೆಯೇ ಮಾಡೋಣವೆಂದು ಅವರು ಸೂಚಿಸಿದಾಗ ಹಿರಿಯ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂಬ ಕಲ್ಪನೆ ಆಗ ರಾಸ್ ಅವರಿಗೂ ಇರಲಿಲ್ಲ. ನಿಂತ ನೀರನ್ನು ತೆಗೆದರೆ ಸೊಳ್ಳೆ ಕಡಮೆಯಾಗುತ್ತದೆ ಎಂಬ ಈ ಸರಳ ಪಾಠ ಮಾತ್ರ ಅವರ ಮನಸ್ಸಿನಲ್ಲಿ ಉಳಿದು, ಮುಂದೆ ಅವರ ರೋಗನಿವಾರಣಾ ವಿಧಾನದ ಆಧಾರವಾಯಿತು.

ಮುಂದಿನ ವರ್ಷಗಳಲ್ಲಿ ಅವರು ಬರ್ಮಾ ಮತ್ತು ಅಂಡಮಾನ್ ದ್ವೀಪಗಳಲ್ಲಿ ಸೇವೆ ಸಲ್ಲಿಸಿದರು. ಬಿಡುವಿನ ವೇಳೆಯಲ್ಲಿ ಗಣಿತವನ್ನು ಸ್ವತಃ ಕಲಿತರು. ೧೮೮೮ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು ಹಾಗೂ ಸೂಕ್ಷ್ಮಜೀವಿಶಾಸ್ತ್ರದ ತರಬೇತಿಯನ್ನು ಮುಗಿಸಿದರು. ೧೮೮೯ರಲ್ಲಿ ರೋಸಾ ಬೆಸ್ಸಿ ಬ್ಲಾಕ್ಸಮ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು ಮತ್ತು ಇಬ್ಬರು ಗಂಡುಮಕ್ಕಳು.

ಮ್ಯಾನ್ಸನ್ ಅವರ ಭೇಟಿ

೧೮೮೦ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೈನ್ಯದ ವೈದ್ಯ ಅಲ್ಫೋನ್ಸ್ ಲಾವೆರಾನ್ ಅವರು ರೋಗಿಯ ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡಿದ್ದರು. ರಾಸ್ ಮೊದಮೊದಲು ಇದನ್ನು ನಂಬಲಿಲ್ಲ. ಜ್ವರಕ್ಕೆ ಕರುಳಿನ ದೋಷವೇ ಕಾರಣವೆಂದು ವಾದಿಸಿ ಲೇಖನಗಳನ್ನೂ ಬರೆದರು. ೧೮೯೪ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರನ್ನು ಭೇಟಿಯಾದ ಮೇಲೆ ಅವರ ಅಭಿಪ್ರಾಯ ಬದಲಾಯಿತು. ಮ್ಯಾನ್ಸನ್ ಸೂಕ್ಷ್ಮದರ್ಶಕದಲ್ಲಿ ಪರೋಪಜೀವಿಯನ್ನು ತೋರಿಸಿಕೊಟ್ಟರು. ಆನೆಕಾಲು ರೋಗದ ಹುಳುಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಚೀನಾದಲ್ಲಿ ಕಂಡಿದ್ದ ಅವರು, ಮಲೇರಿಯಾದಲ್ಲಿಯೂ ಸೊಳ್ಳೆಯ ಪಾತ್ರವಿರಬೇಕೆಂದು ಊಹಿಸಿದ್ದರು.

ಊಹೆಯಲ್ಲಿ ಒಂದು ದೋಷವಿತ್ತು. ರೋಗಿಯ ರಕ್ತ ಹೀರಿದ ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರನ್ನು ಕುಡಿದವರಿಗೆ ರೋಗ ತಗಲುತ್ತದೆ ಎಂದು ಮ್ಯಾನ್ಸನ್ ಭಾವಿಸಿದ್ದರು. ೧೮೯೫ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಈ ಜಾಡಿನಲ್ಲಿ ಪ್ರಯೋಗ ಆರಂಭಿಸಿ ಬಹಳ ಕಾಲ ಕಳೆದರು. ಅವರು ಬಳಸುತ್ತಿದ್ದ ಬೂದು ಬಣ್ಣದ ಮತ್ತು ಪಟ್ಟೆಗಳ ಸೊಳ್ಳೆಗಳು ಮನುಷ್ಯರ ಮಲೇರಿಯಾವನ್ನು ಹರಡುವ ಜಾತಿಗೆ ಸೇರಿದವಲ್ಲ ಎಂಬುದೂ ಆಗ ತಿಳಿದಿರಲಿಲ್ಲ.

ಬೆಂಗಳೂರಿನಲ್ಲಿ ಎರಡನೆಯ ಅವಧಿ

೧೮೯೫ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದಾಗ ರಾಸ್ ಅವರನ್ನು ಅಲ್ಲಿಗೆ ಕಳುಹಿಸಲಾಯಿತು. ಮಲೇರಿಯಾ ಸಂಶೋಧನೆಗೆ ಇದು ಅಡ್ಡಿಯಾಯಿತಾದರೂ ಊರಿನ ನೈರ್ಮಲ್ಯದ ಕೆಲಸದಲ್ಲಿ ಅವರು ಪೂರ್ಣ ಮನಸ್ಸಿನಿಂದ ತೊಡಗಿದರು. ಬಾವಿ, ಚರಂಡಿ ಮತ್ತು ಕೇರಿಗಳನ್ನು ತಾವೇ ಪರಿಶೀಲಿಸಿದರು. ದಂಡುಪ್ರದೇಶದ ಕಾಲರಾ ಮತ್ತು ನೈರ್ಮಲ್ಯ ವ್ಯವಸ್ಥೆಯನ್ನು ಕುರಿತ ಅವರ ವರದಿ ೧೮೯೬ರಲ್ಲಿ ಹೊರಬಂದಿತು. ಒಂದು ರೋಗವನ್ನು ತಡೆಯಲು ಔಷಧಿಯಷ್ಟೇ ಸಾಲದು, ನೀರು ಮತ್ತು ನೆಲವನ್ನು ನೋಡಿಕೊಳ್ಳುವ ಆಡಳಿತವೂ ಬೇಕು ಎಂಬ ಅನುಭವ ಅವರಿಗೆ ದೊರೆತದ್ದು ಇಲ್ಲಿಯೇ.

ಕೆಲಸದ ನಡುವೆಯೂ ಸೊಳ್ಳೆಯ ಪ್ರಯೋಗಗಳನ್ನು ಬಿಡಲಿಲ್ಲ. ಬೌರಿಂಗ್ ಆಸ್ಪತ್ರೆಯಲ್ಲಿ ಸಹಾಯಕ ಶಸ್ತ್ರವೈದ್ಯರಾಗಿದ್ದ ಅಪ್ಪಯ್ಯ ಎಂಬವರು, ಮಲೇರಿಯಾ ರೋಗಿಗಳ ರಕ್ತ ಹೀರಿದ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ತಾವಾಗಿ ಮುಂದೆ ಬಂದರು. ಅವರಿಗೆ ಜ್ವರ ಬರಲಿಲ್ಲ. ಸೊಳ್ಳೆಯ ಜಾತಿ ಬೇರೆಯಾಗಿದ್ದುದೇ ಇದಕ್ಕೆ ಕಾರಣವೆಂದು ಇಂದು ಹೇಳಬಹುದು. ಪ್ರಯೋಗ ವಿಫಲವಾದರೂ, ಸೊಳ್ಳೆಯ ಕಡಿತದಿಂದಲೇ ರೋಗ ಬರಬಹುದೆಂಬ ದಿಕ್ಕಿನಲ್ಲಿ ರಾಸ್ ಆ ವೇಳೆಗೆ ಯೋಚಿಸತೊಡಗಿದ್ದರು.

೧೮೯೭ರ ಏಪ್ರಿಲ್‌ನಲ್ಲಿ ರಜೆಯ ಮೇಲೆ ಉದಕಮಂಡಲಕ್ಕೆ ಹೋದ ರಾಸ್, ನೀಲಗಿರಿಯಿಂದ ಮೈಸೂರು ಪ್ರಸ್ಥಭೂಮಿಯ ಕಡೆಗೆ ಇಳಿಯುವ ಸಿಗೂರು ಘಟ್ಟದಲ್ಲಿ ಅಧ್ಯಯನಕ್ಕೆ ತೊಡಗಿದರು. ಆ ಕಣಿವೆ ಮಲೇರಿಯಾಕ್ಕೆ ಕುಖ್ಯಾತವಾಗಿತ್ತು. ಕೆಲವೇ ದಿನಗಳಲ್ಲಿ ಅವರಿಗೂ ಮಲೇರಿಯಾ ತಗಲಿತು. ಗೋಡೆಯ ಮೇಲೆ ಹಿಂಭಾಗವನ್ನು ಎತ್ತಿ ಓರೆಯಾಗಿ ಕೂರುವ, ರೆಕ್ಕೆಗಳಲ್ಲಿ ಮಚ್ಚೆಗಳಿರುವ ಸೊಳ್ಳೆಯೊಂದು ಅವರ ಗಮನ ಸೆಳೆದದ್ದು ಈ ದಿನಗಳಲ್ಲಿ. ಇದು ಅನಾಫಿಲಿಸ್ ಜಾತಿಯ ಸೊಳ್ಳೆ.

ಸಿಕಂದರಾಬಾದಿನ ಶೋಧ

ಜೂನ್ ತಿಂಗಳಿನಲ್ಲಿ ಸಿಕಂದರಾಬಾದಿಗೆ ಹಿಂದಿರುಗಿದ ರಾಸ್ ಬೇಗಂಪೇಟೆಯ ಸಣ್ಣ ಸೈನಿಕ ಆಸ್ಪತ್ರೆಯಲ್ಲಿ ಕೆಲಸ ಮುಂದುವರಿಸಿದರು. ಬಿಸಿಲಿನ ಝಳ ತಾಳಲಾರದಷ್ಟಿತ್ತು. ಪಂಕ ಬೀಸಿದರೆ ಸೀಳಿಟ್ಟ ಸೊಳ್ಳೆಗಳು ಹಾರಿಹೋಗುತ್ತಿದ್ದುದರಿಂದ ಗಾಳಿಯಿಲ್ಲದೆ ಕೂರಬೇಕಾಗುತ್ತಿತ್ತು. ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ಕಣ್ಣುಮಸೂರವೂ ಬಿರುಕು ಬಿಟ್ಟಿತ್ತು.

ಆಗಸ್ಟ್ ತಿಂಗಳಿನಲ್ಲಿ ಅವರ ಸಹಾಯಕರು ತಂದ ಮರಿಹುಳುಗಳಿಂದ ಮಚ್ಚೆರೆಕ್ಕೆಯ ಸೊಳ್ಳೆಗಳು ಹುಟ್ಟಿದವು. ಆಗಸ್ಟ್ ೧೬ರಂದು ಹುಸೇನ್ ಖಾನ್ ಎಂಬ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಅವನ್ನು ಬಿಡಲಾಯಿತು. ಕಚ್ಚಿದ ಪ್ರತಿಯೊಂದು ಸೊಳ್ಳೆಗೂ ಆತನಿಗೆ ಒಂದು ಆಣೆ ಸಲ್ಲುತ್ತಿತ್ತು. ನಾಲ್ಕು ದಿನಗಳ ಬಳಿಕ, ೧೮೯೭ರ ಆಗಸ್ಟ್ ೨೦ರಂದು, ಅವುಗಳಲ್ಲೊಂದನ್ನು ಸೀಳಿ ಜಠರದ ಗೋಡೆಯನ್ನು ಪರೀಕ್ಷಿಸುವಾಗ ದುಂಡನೆಯ ಕೋಶವೊಂದು ಕಂಡಿತು. ಮಲೇರಿಯಾ ಪರೋಪಜೀವಿಯಲ್ಲಿ ಇರುವಂತಹ ಕಪ್ಪು ಕಣಗಳು ಅದರೊಳಗಿದ್ದವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಅಂತಹವೇ ಕೋಶಗಳು ಇನ್ನಷ್ಟು ದೊಡ್ಡದಾಗಿ ಬೆಳೆದಿದ್ದವು. ಪರೋಪಜೀವಿಯು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತಿದೆ ಎಂಬುದು ಇದರಿಂದ ಖಚಿತವಾಯಿತು. ವರದಿಯು ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆಗಸ್ಟ್ ೨೦ನ್ನು ಇಂದು ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತಿದೆ.

ಕಲ್ಕತ್ತದ ಪ್ರಯೋಗಗಳು

ಶೋಧದ ಬೆನ್ನಲ್ಲೇ ರಾಸ್ ಅವರನ್ನು ರಾಜಪುತಾನದ ಖೇರ್ವಾಡಾಕ್ಕೆ ವರ್ಗಾಯಿಸಲಾಯಿತು. ಅಲ್ಲಿ ಮಲೇರಿಯಾ ರೋಗಿಗಳೇ ವಿರಳವಾಗಿದ್ದುದರಿಂದ ಕೆಲಸ ನಿಂತಿತು. ಮ್ಯಾನ್ಸನ್ ಅವರ ಒತ್ತಾಯದ ಫಲವಾಗಿ ೧೮೯೮ರ ಫೆಬ್ರವರಿಯಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯ ಪ್ರಯೋಗಾಲಯ ದೊರೆಯಿತು. ಪ್ರಯೋಗಕ್ಕೆ ಒಪ್ಪುವ ರೋಗಿಗಳು ಸಿಗದ ಕಾರಣ ರಾಸ್ ಪಕ್ಷಿಗಳ ಮಲೇರಿಯಾದ ಕಡೆಗೆ ತಿರುಗಿದರು. ಜುಲೈ ತಿಂಗಳಿನಲ್ಲಿ ಪರೋಪಜೀವಿಯ ಎಳೆಯಂತಹ ರೂಪಗಳು ಸೊಳ್ಳೆಯ ಜಠರದಿಂದ ಹೊರಟು ಜೊಲ್ಲಿನ ಗ್ರಂಥಿಯನ್ನು ಸೇರುವುದನ್ನು ಕಂಡರು. ಅಂತಹ ಸೊಳ್ಳೆಗಳಿಂದ ಕಚ್ಚಿಸಿದಾಗ ಆರೋಗ್ಯವಂತ ಗುಬ್ಬಚ್ಚಿಗಳಿಗೂ ರೋಗ ತಗಲಿತು. ಕುಡಿಯುವ ನೀರಿನ ಊಹೆ ಇದರೊಂದಿಗೆ ಬಿದ್ದುಹೋಯಿತು.

ಈ ಕೆಲಸ ರಾಸ್ ಒಬ್ಬರದೇ ಆಗಿರಲಿಲ್ಲ. ಸೊಳ್ಳೆಗಳನ್ನು ಹಿಡಿದು ಸಾಕುವುದರಲ್ಲಿ ಮಹಮದ್ ಬಕ್ಷ್ ಅವರಿಗೆ ನೆರವಾದರು. ಕಿಶೋರಿ ಮೋಹನ ಬಂದೋಪಾಧ್ಯಾಯರು ಪ್ರಯೋಗಾಲಯದ ಕೆಲಸದಲ್ಲಿ ಸಹಕರಿಸಿದರು. ಪ್ರಶಸ್ತಿಯ ಕೀರ್ತಿಯಲ್ಲಿ ಇವರ ಹೆಸರುಗಳು ಬಹುಕಾಲ ಹಿಂದೆ ಸರಿದಿದ್ದವು. ಇತ್ತೀಚಿನ ಇತಿಹಾಸಕಾರರು ಅವನ್ನು ಮತ್ತೆ ಮುನ್ನೆಲೆಗೆ ತಂದಿದ್ದಾರೆ.

ನೊಬೆಲ್ ಪ್ರಶಸ್ತಿ ಮತ್ತು ವಿವಾದ

೧೮೯೯ರಲ್ಲಿ ರಾಸ್ ಭಾರತವನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಅಧ್ಯಾಪಕರಾದರು. ಅದೇ ವರ್ಷ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿನಲ್ಲಿ ಅನಾಫಿಲಿಸ್ ಸೊಳ್ಳೆಗಳೇ ಮನುಷ್ಯರ ಮಲೇರಿಯಾದ ವಾಹಕಗಳೆಂಬುದನ್ನು ದೃಢಪಡಿಸಿಕೊಂಡರು. ಇಟಲಿಯ ಜೊವಾನ್ನಿ ಬತ್ತಿಸ್ತಾ ಗ್ರಾಸ್ಸಿ ಮತ್ತು ಅವರ ಸಂಗಡಿಗರು ೧೮೯೮ರ ಕೊನೆಯಲ್ಲಿಯೇ ಅನಾಫಿಲಿಸ್ ಸೊಳ್ಳೆಯಿಂದ ಮನುಷ್ಯರಿಗೆ ರೋಗ ತಗಲುವುದನ್ನು ಪ್ರಯೋಗದಿಂದ ತೋರಿಸಿದ್ದರು. ಮೊದಲಿಗರು ಯಾರು ಎಂಬುದನ್ನು ಕುರಿತು ಇಬ್ಬರ ನಡುವೆ ಕಹಿಯಾದ ವಾಗ್ವಾದ ನಡೆಯಿತು. ೧೯೦೨ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಸಂದದ್ದರಿಂದ ವಿವಾದ ಇನ್ನೂ ಬೆಳೆಯಿತು. ಲಾವೆರಾನ್ ಅವರಿಗೆ ೧೯೦೭ರಲ್ಲಿ ನೊಬೆಲ್ ದೊರೆಯಿತು; ಗ್ರಾಸ್ಸಿ ಅವರಿಗೆ ಅದು ದೊರೆಯಲೇ ಇಲ್ಲ. ಪಕ್ಷಿಗಳಲ್ಲಿ ರೋಗದ ಪೂರ್ಣ ಚಕ್ರವನ್ನು ತೋರಿಸಿದ ಕೀರ್ತಿ ರಾಸ್ ಅವರಿಗೂ, ಮನುಷ್ಯರಲ್ಲಿ ತೋರಿಸಿದ ಕೀರ್ತಿ ಗ್ರಾಸ್ಸಿ ಬಳಗಕ್ಕೂ ಸಲ್ಲಬೇಕೆಂಬುದು ಇಂದಿನ ಸಾಮಾನ್ಯ ಅಭಿಪ್ರಾಯ.

ರೋಗನಿವಾರಣೆಯ ಹೋರಾಟ

ಶೋಧಕ್ಕಿಂತ ಅದರ ಬಳಕೆ ದೊಡ್ಡದೆಂದು ರಾಸ್ ದೃಢವಾಗಿ ನಂಬಿದ್ದರು. ಪ್ರತಿ ಊರಿನಲ್ಲಿಯೂ ಸೊಳ್ಳೆಪಡೆಗಳನ್ನು ಕಟ್ಟಿ, ತೊಟ್ಟಿ ಮತ್ತು ಗುಂಡಿಗಳನ್ನು ಖಾಲಿ ಮಾಡಿಸಿ, ಚರಂಡಿ ತೋಡಿಸಿ, ನಿಂತ ನೀರಿಗೆ ಎಣ್ಣೆ ಹಾಕಿಸಬೇಕೆಂದು ಬರೆದರು. ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಪಟ್ಟಣದಲ್ಲಿ ೧೯೦೨ರಿಂದ ಅವರ ಸಲಹೆಯಂತೆ ಕೆಲಸ ನಡೆದು ಕೆಲವೇ ವರ್ಷಗಳಲ್ಲಿ ಮಲೇರಿಯಾ ಬಹುತೇಕ ಮರೆಯಾಯಿತು. ಪನಾಮಾ ಕಾಲುವೆಯ ನಿರ್ಮಾಣದಲ್ಲಿ ವಿಲಿಯಂ ಗೋರ್ಗಾಸ್ ಅವರು ಸೊಳ್ಳೆ ನಿಯಂತ್ರಣದಿಂದ ಸಾವಿರಾರು ಕಾರ್ಮಿಕರನ್ನು ಉಳಿಸಿದರು.

ಭಾರತದಲ್ಲಿ ಮಾತ್ರ ಕಥೆ ಬೇರೆಯಾಯಿತು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ೧೯೦೨ರಿಂದ ನಡೆದ ಸೊಳ್ಳೆ ನಿಯಂತ್ರಣ ಪ್ರಯೋಗ ವಿಫಲವಾಯಿತೆಂದು ಸರ್ಕಾರದ ಅಧಿಕಾರಿಗಳು ವರದಿ ಮಾಡಿದರು. ಪ್ರಯೋಗದ ವ್ಯಾಪ್ತಿಯೂ ಹಣವೂ ತೀರ ಅಲ್ಪವಾಗಿದ್ದವೆಂದು ರಾಸ್ ಪ್ರತಿಭಟಿಸಿದರು. ಊರುಗಳನ್ನು ಶುಚಿಗೊಳಿಸುವ ದೊಡ್ಡ ಖರ್ಚಿಗಿಂತ ಕ್ವಿನೈನ್ ಹಂಚುವ ಸಣ್ಣ ಖರ್ಚಿನ ಕಡೆಗೆ ಆಡಳಿತ ವಾಲಿತು. ಶೋಧ ನಡೆದ ನಾಡಿನಲ್ಲಿಯೇ ಅದರ ಫಲ ಹಳ್ಳಿಗರಿಗೆ ತಲುಪಲು ಅರ್ಧ ಶತಮಾನ ಹಿಡಿಯಿತು. ಈ ವಿಳಂಬದ ಬೆಲೆಯನ್ನು ಹೆಚ್ಚಾಗಿ ತೆತ್ತವರು ಮಕ್ಕಳು.

ಮಕ್ಕಳ ಗುಲ್ಮದ ಎಣಿಕೆ

ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆಯೆಂದು ತಿಳಿಯಲು ಮಕ್ಕಳ ಗುಲ್ಮವನ್ನು ಪರೀಕ್ಷಿಸುವ ಕ್ರಮವನ್ನು ಟಿ.ಇ. ಡೆಂಪ್‌ಸ್ಟರ್ ಎಂಬ ವೈದ್ಯರು ೧೮೪೦ರ ದಶಕದಲ್ಲಿ ಉತ್ತರ ಭಾರತದ ಕಾಲುವೆ ಪ್ರದೇಶಗಳಲ್ಲಿ ಬಳಸಿದ್ದರು. ಪಕ್ಕೆಲುಬಿನ ಕೆಳಗೆ ಎಡಗಡೆ ಕೈಯಿಟ್ಟು ನೋಡಿದರೆ ಊದಿದ ಗುಲ್ಮ ಕೈಗೆ ಸಿಗುತ್ತದೆ. ವಯಸ್ಕರಲ್ಲಿ ಮತ್ತೆ ಮತ್ತೆ ಬಂದ ಜ್ವರದಿಂದ ರೋಗನಿರೋಧ ಶಕ್ತಿ ಬೆಳೆದಿರುತ್ತದೆ. ಅದಿನ್ನೂ ಬೆಳೆಯದ ಮಕ್ಕಳಲ್ಲಿ ರೋಗದ ಗುರುತು ಸ್ಪಷ್ಟವಾಗಿ ಕಾಣುತ್ತದೆ. ೧೯೦೭–೦೮ರಲ್ಲಿ ಮಾರಿಷಸ್ ದ್ವೀಪಕ್ಕೆ ಹೋದ ರಾಸ್ ಈ ಕ್ರಮವನ್ನು ವ್ಯಾಪಕವಾಗಿ ಬಳಸಿದರು. ಭಾರತದಿಂದ ಹೋದ ಕೂಲಿಕಾರರ ಕುಟುಂಬಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವು. ಶಾಲೆಗಳಲ್ಲಿಯೂ ಕಬ್ಬಿನ ತೋಟಗಳಲ್ಲಿಯೂ ಸಾವಿರಾರು ಮಕ್ಕಳನ್ನು ಪರೀಕ್ಷಿಸಿ, ಎಷ್ಟು ಮಕ್ಕಳ ಗುಲ್ಮ ಊದಿದೆ ಎಂಬುದರ ಜೊತೆಗೆ ಎಷ್ಟರ ಮಟ್ಟಿಗೆ ಊದಿದೆ ಎಂಬುದನ್ನೂ ದಾಖಲಿಸಲಾಯಿತು.

ಈ ಅಂಕಿಗಳಿಂದಲೇ ಅವರ ಗಣಿತ ಸಿದ್ಧಾಂತ ರೂಪುಗೊಂಡಿತು. ಮಲೇರಿಯಾವನ್ನು ತೊಲಗಿಸಲು ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಾಗಿಲ್ಲ. ಸೊಳ್ಳೆಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗ ತಾನಾಗಿ ಕ್ಷೀಣಿಸುತ್ತದೆ ಎಂದು ಅವರು ಸಮೀಕರಣಗಳಿಂದ ತೋರಿಸಿದರು. ೧೯೧೦ರಲ್ಲಿ ಪ್ರಕಟವಾದ ಮಲೇರಿಯಾ ನಿವಾರಣೆಯ ಗ್ರಂಥದಲ್ಲಿ ಈ ವಿಚಾರ ವಿಸ್ತಾರವಾಗಿದೆ. ೧೯೫೦ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಇದನ್ನು ಮುಂದುವರಿಸಿದರು. ಸಾಂಕ್ರಾಮಿಕ ರೋಗಗಳ ಹರಡುವಿಕೆಯನ್ನು ಗಣಿತದಿಂದ ಅಳೆಯುವ ಇಂದಿನ ಶಾಸ್ತ್ರಕ್ಕೆ ಇದು ತಳಹದಿಗಳಲ್ಲಿ ಒಂದು.

ಮಕ್ಕಳ ಹೃದಯದ ಮೇಲೆ ಮಲೇರಿಯಾದ ಪರಿಣಾಮ

ರಾಸ್ ಅವರ ಕಾಲದ ವೈದ್ಯರು ಮಗುವಿನ ದೇಹದಲ್ಲಿ ಮಲೇರಿಯಾದ ಗುರುತನ್ನು ಗುಲ್ಮದಲ್ಲಿ ಕಂಡರು. ಹೃದಯವೂ ಈ ರೋಗದ ಹೊರೆಯನ್ನು ಹೊರುತ್ತದೆ ಎಂಬುದನ್ನು ನಂತರದ ವೈದ್ಯಶಾಸ್ತ್ರ ವಿವರಿಸಿದೆ. ಪರೋಪಜೀವಿಯು ಕೆಂಪು ರಕ್ತಕಣಗಳೊಳಗೆ ಬೆಳೆದು ಅವನ್ನು ಒಡೆದು ಹೊರಬರುತ್ತದೆ. ಸೋಂಕಿಲ್ಲದ ಕಣಗಳೂ ಗುಲ್ಮದಲ್ಲಿ ನಾಶವಾಗುತ್ತವೆ. ಹೀಗೆ ರಕ್ತಹೀನತೆ ಉಂಟಾದಾಗ, ಇರುವ ಅಲ್ಪ ರಕ್ತದಿಂದಲೇ ದೇಹಕ್ಕೆ ಆಮ್ಲಜನಕ ಒದಗಿಸಲು ಹೃದಯ ವೇಗವಾಗಿ ಬಡಿಯತೊಡಗುತ್ತದೆ. ಹಿಮೋಗ್ಲೋಬಿನ್ ಪ್ರಮಾಣ ಒಂದು ಡೆಸಿಲೀಟರ್ ರಕ್ತದಲ್ಲಿ ೫ ಗ್ರಾಮಿಗಿಂತ ಕಡಮೆಯಾದರೆ ಮಕ್ಕಳಲ್ಲಿ ಅದನ್ನು ತೀವ್ರ ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಆ ಸ್ಥಿತಿಯಲ್ಲಿ ಮಗುವಿನ ನಾಡಿ ಓಡುತ್ತದೆ, ಉಸಿರು ಏರುತ್ತದೆ, ಅಂಗೈ ಮತ್ತು ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತವೆ. ಸಕಾಲದಲ್ಲಿ ರಕ್ತ ಕೊಡದಿದ್ದರೆ ಹೃದಯ ಸೋಲಬಹುದು.

ಫಾಲ್ಸಿಪೇರಮ್ ಜಾತಿಯ ಪರೋಪಜೀವಿಯಿಂದ ಇನ್ನೊಂದು ಬಗೆಯ ತೊಂದರೆಯಿದೆ. ಅದು ಹೊಕ್ಕ ರಕ್ತಕಣಗಳು ಅತಿ ಸಣ್ಣ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ರಕ್ತದ ಹರಿವನ್ನು ತಡೆಯುತ್ತವೆ. ಮಿದುಳಿನಲ್ಲಿ ಹೀಗಾದಾಗ ಮಗು ಪ್ರಜ್ಞೆ ತಪ್ಪುತ್ತದೆ. ಹೃದಯದ ಸ್ನಾಯುವಿನ ಸೂಕ್ಷ್ಮ ನಾಳಗಳಲ್ಲಿಯೂ ಇಂತಹ ಕಣಗಳು ಸೇರಿರುವುದು ಮರಣೋತ್ತರ ಪರೀಕ್ಷೆಗಳಲ್ಲಿ ಕಂಡಿದೆ. ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಆಮ್ಲದ ಅಂಶ ಹೆಚ್ಚಿ ಮಗು ಆಳವಾಗಿ ಏದುಸಿರು ಬಿಡುತ್ತದೆ. ಇದು ಹೃದಯ ಸೋತ ಲಕ್ಷಣದಂತೆಯೇ ತೋರುತ್ತದೆ. ಅನೇಕ ಬಾರಿ ನಿಜವಾದ ಕಾರಣ ಆಮ್ಲಾಧಿಕ್ಯವೇ ಆಗಿರುತ್ತದೆ. ಇಷ್ಟಾಗಿಯೂ ಮಲೇರಿಯಾ ತಗಲಿದ ಬಹುಪಾಲು ಮಕ್ಕಳಲ್ಲಿ ಹೃದಯ ಗಟ್ಟಿಯಾಗಿ ನಿಲ್ಲುತ್ತದೆ ಮತ್ತು ಚಿಕಿತ್ಸೆಯ ಬಳಿಕ ಮೊದಲಿನಂತಾಗುತ್ತದೆ.

ಚಿಕಿತ್ಸೆಯಲ್ಲಿಯೂ ಹೃದಯವನ್ನು ನೆನಪಿನಲ್ಲಿಡಬೇಕಾಗುತ್ತದೆ. ಕ್ವಿನೈನನ್ನು ರಕ್ತನಾಳಕ್ಕೆ ವೇಗವಾಗಿ ಕೊಟ್ಟರೆ ರಕ್ತದೊತ್ತಡ ಕುಸಿದು ಹೃದಯದ ಲಯ ತಪ್ಪಬಹುದು. ಆದ್ದರಿಂದ ಅದನ್ನು ಹನಿಹನಿಯಾಗಿ ಕೊಡುತ್ತಾರೆ. ಕ್ಲೋರೊಕ್ವಿನ್ ಮಾತ್ರೆಗಳ ಅಧಿಕ ಸೇವನೆ ಚಿಕ್ಕ ಮಕ್ಕಳ ಹೃದಯಕ್ಕೆ ಮಾರಕವಾಗಬಲ್ಲದು. ೨೦೧೦ರಲ್ಲಿ ಪ್ರಕಟವಾದ, ಆಫ್ರಿಕದ ಒಂಬತ್ತು ದೇಶಗಳ ೫,೪೨೫ ಮಕ್ಕಳ ಅಧ್ಯಯನದಲ್ಲಿ ಕ್ವಿನೈನ್ ಪಡೆದವರಲ್ಲಿ ಶೇ. ೧೦.೯ರಷ್ಟು ಮಕ್ಕಳು ತೀರಿಕೊಂಡರೆ, ಆರ್ಟಿಸುನೇಟ್ ಪಡೆದವರಲ್ಲಿ ಆ ಪ್ರಮಾಣ ಶೇ. ೮.೫ ಆಗಿತ್ತು. ೨೦೧೧ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಕೀನ್ಯಾ, ಉಗಾಂಡಾ ಮತ್ತು ಟಾಂಜಾನಿಯಾಗಳ ೩,೧೪೧ ಅಸ್ವಸ್ಥ ಮಕ್ಕಳನ್ನು ಒಳಗೊಂಡಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮಲೇರಿಯಾ ಇತ್ತು. ರಕ್ತಸಂಚಾರ ಕುಂದಿದ ಮಕ್ಕಳಿಗೆ ವೇಗವಾಗಿ ದ್ರವ ಏರಿಸುವುದರಿಂದ ಸಾವು ಹೆಚ್ಚುತ್ತದೆ ಎಂಬುದು ಅದರ ಅನಿರೀಕ್ಷಿತ ಫಲಿತಾಂಶ. ಆ ಸಾವುಗಳಲ್ಲಿ ಹೃದಯ ಮತ್ತು ರಕ್ತಸಂಚಾರದ ಕುಸಿತವೇ ಮುಖ್ಯವಾಗಿತ್ತೆಂದು ಮುಂದಿನ ವಿಶ್ಲೇಷಣೆ ತೋರಿಸಿತು.

ಕರ್ನಾಟಕದಲ್ಲಿ ರಾಸ್ ಅವರ ಶೋಧದ ಫಲ

ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಮೈಸೂರು ಸಂಸ್ಥಾನವು ಮಲೇರಿಯಾದ ಸಮೀಕ್ಷೆ ಮತ್ತು ನಿಯಂತ್ರಣದ ಕೆಲಸವನ್ನು ಸ್ವಾತಂತ್ರ್ಯಕ್ಕೆ ಮೊದಲೇ ಕೈಗೊಂಡಿತ್ತು. ಕಾಲುವೆಯ ನೀರು ಹರಿದ ಕಡೆ ಜ್ವರವೂ ಹೆಚ್ಚಬಹುದೆಂಬುದು ಆ ಅಧ್ಯಯನಗಳ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ೧೯೪೬ರ ಸುಮಾರಿಗೆ ಮನೆಗಳ ಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ನಡೆಯಿತು. ೧೯೫೩ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂತಹ ಪ್ರಯತ್ನಗಳು ದಾರಿ ತೋರಿದವು.

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು ೭.೫ ಕೋಟಿ ಜನರಿಗೆ ಮಲೇರಿಯಾ ತಗಲಿ ೮ ಲಕ್ಷ ಮಂದಿ ಸಾಯುತ್ತಿದ್ದರೆಂಬ ಅಂದಾಜಿದೆ. ೧೯೬೦ರ ದಶಕದ ಆರಂಭದಲ್ಲಿ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಎಚ್ಚರ ತಪ್ಪಿದ ಮೇಲೆ ರೋಗ ಮರಳಿ, ೧೯೭೬ರಲ್ಲಿ ೬೪ ಲಕ್ಷ ಪ್ರಕರಣಗಳು ದಾಖಲಾದವು. ೧೯೯೦ರ ದಶಕದಲ್ಲಿ ಮಂಗಳೂರು ನಗರದಲ್ಲಿ ಮಲೇರಿಯಾ ಬೇರೂರಿತು. ಕಟ್ಟಡ ಕಾಮಗಾರಿಗಳಲ್ಲಿ ಮತ್ತು ತೊಟ್ಟಿಗಳಲ್ಲಿ ನಿಂತ ನೀರು ಅದಕ್ಕೆ ಒಂದು ಮುಖ್ಯ ಕಾರಣ. ಕೋಲಾರ ಮತ್ತು ಹಾಸನ ಜಿಲ್ಲೆಗಳ ಹಳ್ಳಿಗಳಲ್ಲಿ ಕೆರೆಬಾವಿಗಳಿಗೆ ಸೊಳ್ಳೆಮರಿಗಳನ್ನು ತಿನ್ನುವ ಮೀನುಗಳನ್ನು ಬಿಟ್ಟು ರೋಗವನ್ನು ತಗ್ಗಿಸಿದ ಪ್ರಯೋಗ ರಾಸ್ ಅವರ ವಿಧಾನದ ನೇರ ಮುಂದುವರಿಕೆಯಾಗಿದೆ.

ಸಾಹಿತ್ಯ ಮತ್ತು ಕೊನೆಯ ದಿನಗಳು

ರಾಸ್ ಜೀವನವಿಡೀ ಬರೆದರು. ೧೮೮೯ರಲ್ಲಿ ಅವರ ಮೊದಲ ಕಾದಂಬರಿ ಪ್ರಕಟವಾಯಿತು. ಭಾರತದಲ್ಲಿ ರಚಿಸಿದ ಕವಿತೆಗಳಲ್ಲಿ ಕೆಲವು ಮಲೇರಿಯಾ ಶೋಧದ ದಿನಗಳಿಗೆ ಸಂಬಂಧ ಪಟ್ಟಿವೆ. ೧೯೨೩ರಲ್ಲಿ ಹೊರಬಂದ ಆತ್ಮಕಥೆಗೆ ಜೇಮ್ಸ್ ಟೇಟ್ ಬ್ಲ್ಯಾಕ್ ಪ್ರಶಸ್ತಿ ದೊರೆಯಿತು.

೧೯೧೧ರಲ್ಲಿ ಅವರಿಗೆ ಸರ್ ಪದವಿ ಸಂದಿತು. ಹಿರಿಯ ಮಗ ರೊನಾಲ್ಡ್ ಕ್ಯಾಂಪ್‌ಬೆಲ್ ೧೯೧೪ರ ಆಗಸ್ಟ್ ೨೬ರಂದು ಮೊದಲನೆಯ ಮಹಾಯುದ್ಧದ ಲ ಕಾತೋ ಕದನದಲ್ಲಿ ಮಡಿದನು. ಯುದ್ಧಕಾಲದಲ್ಲಿ ರಾಸ್ ಬ್ರಿಟಿಷ್ ಸೈನ್ಯಕ್ಕೆ ಮಲೇರಿಯಾ ಸಲಹೆಗಾರರಾಗಿ ದುಡಿದರು. ೧೯೨೬ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆ ಮತ್ತು ಆಸ್ಪತ್ರೆ ಆರಂಭವಾಯಿತು. ಸರ್ಕಾರ ತಮ್ಮ ಸೇವೆಗೆ ತಕ್ಕ ಪ್ರತಿಫಲ ಕೊಡಲಿಲ್ಲವೆಂಬ ಅಸಮಾಧಾನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಹಣದ ಅಡಚಣೆಯಿಂದ ೧೯೨೮ರಲ್ಲಿ ತಮ್ಮ ಕಾಗದಪತ್ರಗಳನ್ನು ಮಾರಾಟಕ್ಕಿಟ್ಟರು. ೧೯೩೧ರಲ್ಲಿ ಪತ್ನಿ ತೀರಿಕೊಂಡರು. ೧೯೩೨ರ ಸೆಪ್ಟೆಂಬರ್ ೧೬ರಂದು ರಾಸ್ ತಮ್ಮ ಹೆಸರಿನ ಆಸ್ಪತ್ರೆಯಲ್ಲಿಯೇ ನಿಧನರಾದರು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಸ್ಮರಣೆ

ಕಲ್ಕತ್ತದ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯ ಆವರಣದಲ್ಲಿರುವ ಸ್ಮಾರಕ ದ್ವಾರವನ್ನು ೧೯೨೭ರಲ್ಲಿ ರಾಸ್ ಅವರೇ ಉದ್ಘಾಟಿಸಿದರು. ಅವರು ಶೋಧ ನಡೆಸಿದ ಬೇಗಂಪೇಟೆಯ ಕಟ್ಟಡವನ್ನು ಅವರ ಹೆಸರಿನಲ್ಲಿ ಉಳಿಸಿಕೊಳ್ಳಲಾಗಿದೆ. ಅವರ ಹೆಸರಿನ ಸಂಶೋಧನಾ ಸಂಸ್ಥೆ ಮುಂದೆ ಲಂಡನ್ನಿನ ಆರೋಗ್ಯ ಮತ್ತು ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ವಿಲೀನವಾಯಿತು. ಆ ಶಾಲೆಯ ಕಟ್ಟಡದ ಹೊರಗೋಡೆಯಲ್ಲಿ ಕೆತ್ತಿರುವ ಸಾರ್ವಜನಿಕ ಆರೋಗ್ಯದ ಹಿರಿಯರ ಹೆಸರುಗಳಲ್ಲಿ ರಾಸ್ ಅವರದೂ ಒಂದು.